ಕತೆಯ ನಿಲ್ದಾಣ ಉಳಿಯಿತು, ಬದುಕಿನ ನಿಲ್ದಾಣಗಳು?

ಹೊಸನಗರ ತಾಲ್ಲೂಕಿನ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ‘ಮಾಲ್ಗುಡಿ’ ವಸ್ತುಸಂಗ್ರಹಾಲಯವಾಗಿ ಮರುಹುಟ್ಟು ಪಡೆಯಿತು. ಆರ್.ಕೆ. ನಾರಾಯಣ್ ಅವರ ಕತೆಗಳನ್ನು ಆಧರಿಸಿ ಶಂಕರನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಮಾಲ್ಗುಡಿಯ ನಿಲ್ದಾಣವಾಗಿ ಕಾಣಿಸಿಕೊಂಡದ್ದು ಇದೇ ನಿಲ್ದಾಣ. ಪಾಳುಬೀಳುತ್ತಿದ್ದ ಕಟ್ಟಡವನ್ನು ಕಲಾವಿದ ಜಾನ್ ದೇವರಾಜ್ ಅವರ ಕೈಯಲ್ಲಿ ದುರಸ್ತಿ ಮಾಡಿಸಿದ ನೈರುತ್ಯ ರೈಲ್ವೆಯ ಕ್ರಮ ಸ್ವಾಗತಾರ್ಹ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಈ ಸಂತಸದ ಬೆನ್ನಿಗೇ ಒಂದು ಪ್ರಶ್ನೆಯೂ ಏಳುತ್ತದೆ. ಅರಸಾಳಿನ ಕಟ್ಟಡ ಉಳಿದದ್ದು ಅದು ಕ್ಯಾಮೆರಾದ ಕಣ್ಣಿಗೆ ಬಿದ್ದಿತ್ತೆಂಬ ಕಾರಣಕ್ಕೆ. ಅದೇ ಹಳಿಯ ಮೇಲಿರುವ ಕುಂಸಿ, ಆನಂದಪುರ, ಸಾಗರ, ತಾಳಗುಪ್ಪ ನಿಲ್ದಾಣಗಳಿಗೆ ಆ ಅದೃಷ್ಟವಿರಲಿಲ್ಲ. ಅವು ಯಾವ ಕತೆಗೂ ರಂಗಸಜ್ಜಿಕೆಯಾಗದೆ, ದಶಕಗಳ ಕಾಲ ಜನರನ್ನು ಹತ್ತಿಸಿ ಇಳಿಸಿದವು. ಕಲ್ಪನೆಯ ಊರಿಗೆ ಸಂದ ಗೌರವ ನಿಜವಾದ ಊರುಗಳಿಗೇಕೆ ಸಲ್ಲಬಾರದು?

ಈ ಮಾರ್ಗದ ಹಿನ್ನೆಲೆ ಸಾಮಾನ್ಯವಾದುದಲ್ಲ. ಬೀರೂರಿನಿಂದ ಹೊರಟ ರೈಲು ಶಿವಮೊಗ್ಗ ತಲುಪಿದ್ದು 1899ರಲ್ಲಿ. ಅಲ್ಲಿಂದ ಮುಂದೆ ಕಾಡು ಸೀಳಿಕೊಂಡು ತಾಳಗುಪ್ಪ ಮುಟ್ಟಲು ನಾಲ್ಕು ದಶಕಗಳೇ ಬೇಕಾದವು. ಮೈಸೂರು ಸಂಸ್ಥಾನ ಈ ಹಳಿಯನ್ನು ಪೂರ್ಣಗೊಳಿಸಿದ್ದು 1940ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಜೋಗದಲ್ಲಿ ಜಲವಿದ್ಯುತ್ ಯೋಜನೆಯ ಕಾಮಗಾರಿ ಆರಂಭವಾಗಿತ್ತು; 1948ರಲ್ಲಿ ಅಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ನೂರು ಕಿಲೋಮೀಟರಿಗೆ ತುಸು ಕಡಿಮೆಯಿರುವ ಈ ಮಾರ್ಗ ನಾಡಿನ ಆಧುನಿಕ ಇತಿಹಾಸದ ಒಂದು ಅಧ್ಯಾಯವೇ ಹೌದು.

ಆನಂದಪುರದ ಸ್ಥಾನ ಇದರಲ್ಲಿ ವಿಶಿಷ್ಟವಾದುದು. ಶಿವಮೊಗ್ಗ–ಸಾಗರ ಹೆದ್ದಾರಿಗೆ ಶಿಕಾರಿಪುರದ ಕಡೆಯ ರಸ್ತೆಯೂ ರಿಪ್ಪನ್‌ಪೇಟೆ, ಹೊಸನಗರಗಳ ಕಡೆಯ ರಸ್ತೆಯೂ ಬಂದು ಕೂಡುವ ಕೂಡುದಾರಿ ಇದು. ರೈಲ್ವೆ ದಾಖಲೆಗಳಲ್ಲಿ ಮಾತ್ರ ಊರು ಇಂದಿಗೂ ‘ಆನಂದಪುರಂ’. ಜನರ ಬಾಯಲ್ಲಿಲ್ಲದ ಆ ಕೊನೆಯ ಸೊನ್ನೆಯನ್ನು ಹೊತ್ತ ಹೆಸರೂ ಒಂದು ಕಾಲದ ಆಡಳಿತದ ಗುರುತೇ. ಹಾಗೆಯೇ ಸಾಗರದ ನಿಲ್ದಾಣ ‘ಸಾಗರ ಜಂಬಗಾರು’ ಆಗಿ, ಪೇಟೆ ನುಂಗಿದ ಹಳ್ಳಿಯೊಂದರ ಹೆಸರನ್ನು ಇನ್ನೂ ಜತನದಿಂದ ಕಾಪಾಡಿದೆ.

ಈ ಹಳಿಯ ಮೇಲೆ ರಾಜಕೀಯ ಇತಿಹಾಸವೂ ಹಾದುಹೋಗಿದೆ. ಮೈಸೂರು ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ವಿಲೀನವಾದ 1951ರಲ್ಲೇ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಅವರಿಗೆ ಬೆಂಬಲವಾಗಿ ಬಂದ ರಾಮಮನೋಹರ ಲೋಹಿಯಾ ಅವರನ್ನು ಪೊಲೀಸರು ಬಂಧಿಸಿದ್ದು ಸಾಗರದ ರೈಲು ನಿಲ್ದಾಣದಲ್ಲಿ. ಉಳುವವನಿಗೇ ಹೊಲ ಎಂಬ ತತ್ವ 1974ರಲ್ಲಿ ಕರ್ನಾಟಕದ ಕಾನೂನಾಗುವ ಮುನ್ನ ನಡೆದ ದೀರ್ಘ ಹೋರಾಟದ ಒಂದು ಮುಖ್ಯ ಘಟನೆಗೆ ಸಾಕ್ಷಿಯಾದ ಸ್ಥಳವಿದು. ಮಾಲ್ಗುಡಿಗೆ ವಸ್ತುಸಂಗ್ರಹಾಲಯ ಸಾಧ್ಯವಾಗುವುದಾದರೆ ಕಾಗೋಡಿನ ನೆನಪಿಗೆ ನಿಲ್ದಾಣದಲ್ಲೊಂದು ಗೋಡೆಯಾದರೂ ಮೀಸಲಾಗಬೇಡವೇ?

ಮೀಟರ್‌ಗೇಜ್ ಕಾಲ ಮುಗಿದು ಒಂದೂವರೆ ದಶಕವೇ ಸಂದಿದೆ. ಅದರ ಕೊನೆಯ ವರ್ಷಗಳಲ್ಲಿ ಓಡಾಡುತ್ತಿದ್ದ ಪುಟ್ಟ ರೈಲುಬಸ್ಸನ್ನು ಈ ಭಾಗದ ಹಿರಿಯರು ಇನ್ನೂ ಮರೆತಿಲ್ಲ. ಗೇಜ್ ಪರಿವರ್ತನೆಗೆ ಮಲೆನಾಡಿನ ಜನರೇ ಒತ್ತಾಯಿಸಿದ್ದರು. ಅದು ನ್ಯಾಯವಾದ ಬೇಡಿಕೆಯೇ ಆಗಿತ್ತು. ಇಂದು ತಾಳಗುಪ್ಪದಲ್ಲಿ ಹತ್ತಿದವರು ನೇರವಾಗಿ ಬೆಂಗಳೂರಿನಲ್ಲಿ ಇಳಿಯುತ್ತಿದ್ದಾರೆ. ಆ ಅನುಕೂಲವನ್ನು ಹಳೆಯ ಕಾಲದ ಹಂಬಲದಿಂದ ಹಳಿಯುವುದು ಕೃತಘ್ನತೆಯಾದೀತು. ನನ್ನ ತಕರಾರು ಹೊಸ ಹಳಿಯ ಬಗ್ಗೆ ಅಲ್ಲ. ಹಳೆಯದನ್ನು ಕೀಳುವ ಮೊದಲು ಅದರ ದಾಖಲೆಯೊಂದನ್ನು ಜನರ ಕೈಗೆ ಸಿಗುವಂತೆ ಇಡದ ನಮ್ಮ ರೂಢಿಯ ಬಗ್ಗೆ.

ಕಾನೂನಿನ ಆಸರೆಯೂ ಇಲ್ಲಿ ದುರ್ಬಲ. ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ ಇರುವ 1958ರ ಕೇಂದ್ರ ಕಾಯ್ದೆ ಕನಿಷ್ಠ ನೂರು ವರ್ಷ ತುಂಬಿದ ಕಟ್ಟಡಗಳನ್ನಷ್ಟೇ ಪ್ರಾಚೀನವೆಂದು ಪರಿಗಣಿಸುತ್ತದೆ. ಈ ಲೆಕ್ಕದಲ್ಲಿ ತಾಳಗುಪ್ಪದ ನಿಲ್ದಾಣ ಅರ್ಹತೆ ಪಡೆಯುವುದು 2040ರಲ್ಲಿ. ಅಷ್ಟರಲ್ಲಿ ರಕ್ಷಿಸಲು ಏನು ಉಳಿದಿರುತ್ತದೆ? ಸಾಗರ ಮತ್ತು ತಾಳಗುಪ್ಪ ನಿಲ್ದಾಣಗಳು ಈಗಾಗಲೇ ‘ಅಮೃತ ಭಾರತ’ ಯೋಜನೆಯ ಪಟ್ಟಿಯಲ್ಲಿವೆ. ಹೊಸ ಮುಂಭಾಗ, ಹೊಸ ಮೇಲ್ಛಾವಣಿ ಬರಲಿ. ಆದರೆ ಪ್ರತಿ ನಿಲ್ದಾಣವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವ ದಿನ ಬಂದರೆ ಊರಿನ ಗುರುತು ಹೆಸರಿನ ಫಲಕಕ್ಕಷ್ಟೇ ಸೀಮಿತವಾದೀತು.

ಎಲ್ಲ ಹಳೆಯ ಗೋಡೆಗಳನ್ನೂ ಉಳಿಸಲಾಗದು, ರೈಲ್ವೆಯ ಕೆಲಸ ರೈಲು ಓಡಿಸುವುದೇ ಹೊರತು ವಸ್ತುಸಂಗ್ರಹಾಲಯ ನಡೆಸುವುದಲ್ಲ ಎಂಬ ವಾದದಲ್ಲಿ ಹುರುಳಿದೆ. ಆದ್ದರಿಂದಲೇ ಕಟ್ಟಡಗಳನ್ನು ಬಿಡಿಬಿಡಿಯಾಗಿ ನೋಡದೆ ಇಡೀ ಮಾರ್ಗವನ್ನು ಒಂದು ಪರಂಪರೆಯಾಗಿ ಕಾಣಬೇಕಾಗಿದೆ. ಯುನೆಸ್ಕೋ 1999ರಲ್ಲಿ ಡಾರ್ಜಿಲಿಂಗ್, 2005ರಲ್ಲಿ ನೀಲಗಿರಿ, 2008ರಲ್ಲಿ ಕಾಲ್ಕಾ–ಶಿಮ್ಲಾ ರೈಲುಗಳಿಗೆ ವಿಶ್ವಪರಂಪರೆಯ ಮನ್ನಣೆ ಕೊಟ್ಟಾಗಲೂ ಗೌರವ ಸಂದದ್ದು ಒಂದೊಂದು ನಿಲ್ದಾಣಕ್ಕಲ್ಲ, ಇಡೀ ಮಾರ್ಗಕ್ಕೆ. ಅಷ್ಟು ದೂರ ಹೋಗುವುದೂ ಬೇಡ. ಬೆಂಗಳೂರಿನ ಹೊರವಲಯದ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳ ಹಳೆಯ ಕಟ್ಟಡಗಳನ್ನು ಉಳಿಸಿಕೊಳ್ಳಲು ಇಂಟ್ಯಾಕ್ ಮತ್ತು ರೈಲ್ವೆ ಕೈಜೋಡಿಸಿದ ಉದಾಹರಣೆ ಕಣ್ಣೆದುರಿಗಿದೆ. ರಾಜಧಾನಿಯ ಮಗ್ಗುಲಲ್ಲಿ ಸಾಧ್ಯವಾದುದು ಮಲೆನಾಡಿನಲ್ಲಿ ಅಸಾಧ್ಯವೇನಲ್ಲ.

ಆನಂದಪುರದ ಜನರಿಗೆ ಇಂಥ ಕೆಲಸ ಹೊಸದೂ ಅಲ್ಲ. ಕೆಳದಿ ಅರಸರ ಕಾಲದ ಚಂಪಕ ಸರಸ್ಸು ಹೂಳು ತುಂಬಿ ಹಾಳುಬಿದ್ದಿದ್ದಾಗ ನಟ ಯಶ್ ಅವರ ‘ಯಶೋಮಾರ್ಗ’ದ ನೆರವಿನಿಂದ ಅದಕ್ಕೆ ಮರುಜೀವ ಬಂದದ್ದನ್ನು ಅವರು ಕಂಡಿದ್ದಾರೆ. ಕೊಳಕ್ಕೆ ತೋರಿದ ಕಾಳಜಿಯನ್ನು ರೈಲು ನಿಲ್ದಾಣಕ್ಕೂ ತೋರಬಹುದು. ಅದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಶಿವಮೊಗ್ಗದಿಂದ ತಾಳಗುಪ್ಪದವರೆಗೆ ಉಳಿದಿರುವ ಹಳೆಯ ಕಟ್ಟಡ, ಸೇತುವೆ, ವಸತಿಗೃಹ, ಸಿಗ್ನಲ್ ಕಂಬಗಳ ಪಟ್ಟಿಯೊಂದು ಮೊದಲು ಸಿದ್ಧವಾಗಲಿ; ಪಟ್ಟಿಯಲ್ಲಿರುವ ಯಾವುದನ್ನೂ ನಕ್ಷೆ ಮತ್ತು ಛಾಯಾಚಿತ್ರ ತೆಗೆಯದೆ ಕೆಡವಬಾರದೆಂಬ ನಿಯಮ ಬರಲಿ. ಪ್ರತಿ ನಿಲ್ದಾಣದಲ್ಲೂ ಆ ಊರಿನ ರೈಲು ಚರಿತ್ರೆ ಹೇಳುವ ಕನ್ನಡದ ಫಲಕವೊಂದಿರಲಿ.

ಎಲ್ಲಕ್ಕಿಂತ ತುರ್ತಿನದು ಇನ್ನೊಂದಿದೆ. ಮೀಟರ್‌ಗೇಜ್ ಕಾಲದಲ್ಲಿ ಹಳಿ ಕಾಯ್ದ ಗ್ಯಾಂಗ್‌ಮನ್‌ಗಳು, ಹಸಿರು ಬಾವುಟ ಬೀಸಿದವರು, ಟಿಕೆಟ್ ಕೊಟ್ಟವರು ಈಗ ಇಳಿವಯಸ್ಸಿನಲ್ಲಿದ್ದಾರೆ. ಮಳೆಗಾಲದ ರಾತ್ರಿಗಳಲ್ಲಿ ಕಾಡಿನ ನಡುವೆ ಆ ರೈಲು ಹೇಗೆ ಓಡುತ್ತಿತ್ತು ಎಂಬುದನ್ನು ಹೇಳಬಲ್ಲವರು ಅವರೇ. ಸುತ್ತಲಿನ ಕಾಲೇಜುಗಳ ಇತಿಹಾಸ ವಿಭಾಗಗಳು ಮನಸ್ಸು ಮಾಡಿದರೆ ಒಂದೇ ವರ್ಷದಲ್ಲಿ ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಬಹುದು. ಬಿದ್ದ ಗೋಡೆಯನ್ನು ಹಣವಿದ್ದರೆ ಮತ್ತೆ ಕಟ್ಟಬಹುದು. ಹೋದವರ ನೆನಪನ್ನು ಕಟ್ಟಲಾಗದು. ಈ ಕೆಲಸಕ್ಕೆ 2040ರವರೆಗೆ ಕಾಯುವಂತಿಲ್ಲ.