ಕೇಜಿನ ಹಗ್ಗ, ರಾಕೆಟ್ಟಿನ ಲೆಕ್ಕ
ಕೋರಮಂಡಲ್, ಊರಿಗಾಂ, ಚಾಂಪಿಯನ್ ರೀಫ್‌ಗಳ ಸುತ್ತ ಹರಡಿದ್ದ ಕೋಲಾರ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಅಂತಹ ಗಣಿಗಳಿಗೆ ಕಾರ್ಮಿಕರನ್ನು ಇಳಿಸುವ ಕೇಜಿನ ಉಕ್ಕಿನ ಹಗ್ಗಕ್ಕೆ, ಅದು ಹೊರುವ ಭಾರದ ಹಲವು ಪಟ್ಟು ಬಲವಿರಬೇಕೆಂಬುದು ಗಣಿ ಸುರಕ್ಷತೆಯ ಮೂಲ ನಿಯಮ. ರಾಕೆಟ್ಟಿಗೆ ಈ ಧಾರಾಳತನ ಒಗ್ಗುವುದಿಲ್ಲ. ಲೋಹ ದಪ್ಪವಾದಷ್ಟೂ ಒಯ್ಯಬಲ್ಲ ಹೊರೆ ಕುಗ್ಗುವುದರಿಂದ, ಮನುಷ್ಯರನ್ನು ಒಯ್ಯುವ ರಾಕೆಟ್ಟಿನಲ್ಲೂ ಸುರಕ್ಷತಾ ಗುಣಾಂಕ, ಅಂದರೆ ತಾಳಿಕೊಳ್ಳಬಲ್ಲ ಭಾರಕ್ಕೂ ನಿಜವಾಗಿ ಬೀಳುವ ಭಾರಕ್ಕೂ ಇರುವ ಅನುಪಾತ, ಸಾಮಾನ್ಯವಾಗಿ 1.4ರ ಆಸುಪಾಸಿನಲ್ಲೇ ಉಳಿಯುತ್ತದೆ. ಆದ್ದರಿಂದ ಭಾರತದ ಮಾನವಸಹಿತ ಬಾಹ್ಯಾಕಾಶ ಯೋಜನೆಯಾದ ಗಗನಯಾನಕ್ಕೆ ಆಯ್ದ ಎಲ್‌ವಿಎಂ-3 ರಾಕೆಟ್ಟನ್ನು ಅದರ ಹಿಂದಿನ ಯಶಸ್ಸುಗಳಿಂದಷ್ಟೇ ಅಳೆಯಲಾಗದು. ಕೈಬೆರಳೆಣಿಕೆಯ ಉಡಾವಣೆಗಳು ಸಂಭವನೀಯತೆಯ ಬಗ್ಗೆ ಹೇಳುವುದು ಅತ್ಯಲ್ಪ. ಅಮೆರಿಕದ ಸ್ಪೇಸ್ ಷಟಲ್ ನಾಶವಾಗುವ ಸಾಧ್ಯತೆ ಲಕ್ಷಕ್ಕೊಂದು ಎಂದು ಅದರ ಆಡಳಿತಗಾರರು ನಂಬಿದ್ದರೆ, ಎಂಜಿನಿಯರುಗಳಲ್ಲಿ ಹಲವರ ಅಂದಾಜು ನೂರಕ್ಕೊಂದರ ಹತ್ತಿರವಿತ್ತು. ಕೊನೆಗೆ 135 ಯಾನಗಳಲ್ಲಿ ಎರಡು ನೌಕೆಗಳು ನಾಶವಾಗಿ 14 ಮಂದಿ ಸತ್ತರು, ಆಡಳಿತಗಾರರ ಆ ನಂಬಿಕೆಗೆ ಆಧಾರವೇನಿತ್ತೋ! ಹೆಚ್ಚು ತೂಕದ ಪ್ರಶ್ನೆ ಬೇರೆಯೇ ಇದೆ: ರಾಕೆಟ್ ಕೈಕೊಟ್ಟಾಗ ಸಿಬ್ಬಂದಿ ಉಳಿಯುವರೇ ಎಂಬುದು. 2018ರ ಅಕ್ಟೋಬರಿನಲ್ಲಿ ಸೋಯುಜ್ ರಾಕೆಟ್ ನಡುದಾರಿಯಲ್ಲಿ ವಿಫಲವಾದರೂ ಒಳಗಿದ್ದ ಇಬ್ಬರು ಜೀವಂತ ಇಳಿದರು. 2023ರ ಅಕ್ಟೋಬರ್ 21ರಂದು ಇಸ್ರೋ ಶ್ರೀಹರಿಕೋಟಾದಲ್ಲಿ ಪರೀಕ್ಷಿಸಿದ್ದೂ ಇದನ್ನೇ. ಮೊದಲು ಎಂಜಿನ್ ಸಜ್ಜಾಗುವ ಹಂತದಲ್ಲಿ, ಐದೇ ಸೆಕೆಂಡು ಬಾಕಿಯಿದ್ದಾಗ, ಕಂಪ್ಯೂಟರ್ ತಾನಾಗಿ ಉಡಾವಣೆಯನ್ನು ತಡೆಯಿತು. ದೋಷ ಸರಿಪಡಿಸಿ ಮತ್ತೆ ಹಾರಿಸಿದಾಗ, ಸುಮಾರು 12 ಕಿಲೋಮೀಟರ್ ಎತ್ತರದಲ್ಲಿ ತಪ್ಪಿಸಿಕೊಳ್ಳುವ ವ್ಯವಸ್ಥೆಯು ಸಿಬ್ಬಂದಿಯ ಖಾಲಿ ಕೋಶವನ್ನು ಪರೀಕ್ಷಾ ರಾಕೆಟ್ಟಿನಿಂದ ಎಳೆದೊಯ್ದು, ಪ್ಯಾರಾಚೂಟುಗಳ ನೆರವಿನಿಂದ ಬಂಗಾಳಕೊಲ್ಲಿಗೆ ಇಳಿಸಿತು.