ಗಣಕದ ಕಸುಬಿಗೆ ಮಣೆಯಾಟದ ನೆರವು

ನಾಲ್ಕಾರು ಮಂದಿ ಸೇರಿ ಸಣ್ಣದೊಂದು ಕೊಠಡಿಯಲ್ಲಿ ತಂತ್ರಾಂಶದ ಉದ್ಯಮವನ್ನು ನಡೆಸುವುದು ಇಂದು ಅಪೂರ್ವ ಸಂಗತಿಯೇನಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಇಂಥ ಸಂಸ್ಥೆಗಳುಂಟು. ಅಂಗಡಿಯ ಲೆಕ್ಕ, ಆಸ್ಪತ್ರೆಯ ದಾಖಲೆ, ಶಾಲೆಯ ಅಂಕಪಟ್ಟಿ ಮೊದಲಾದುವಕ್ಕೆ ಬೇಕಾದ ಕ್ರಮವಿಧಿಗಳನ್ನು ಬರೆದುಕೊಟ್ಟು ಅವು ಜೀವಿಸುತ್ತವೆ. ಇಂಥ ಸಂಸ್ಥೆಯ ಯಜಮಾನನೊಬ್ಬನು ಸಂಜೆಯಾದೊಡನೆ ರಟ್ಟು, ಕತ್ತರಿ, ದಾಳ, ಕಾಯಿಗಳನ್ನು ಮುಂದಿಟ್ಟುಕೊಂಡು ಹೊಸದೊಂದು ಮಣೆಯಾಟವನ್ನು ರಚಿಸಲು ಕುಳಿತರೆ ನೋಡಿದವರು ಏನೆಂದಾರು? ಗಿರಾಕಿಯ ಕೆಲಸ ಬಾಕಿಯಿರುವಾಗ ಈ ಮಕ್ಕಳಾಟವೇಕೆ ಎಂದು ಕೇಳುವವರೇ ಹೆಚ್ಚು.

ಪ್ರಶ್ನೆ ನ್ಯಾಯವಾದುದೇ. ನಾಲ್ಕು ಜನರ ಸಂಬಳ ಅವನನ್ನು ನೆಚ್ಚಿಕೊಂಡಿದೆ. ಆದರೂ, ಮಣೆಯಾಟದ ರಚನೆ ತಂತ್ರಾಂಶ ಬರೆಯುವವನಿಗೆ ಕಾಲಹರಣವಲ್ಲ, ಅವನ ಕಸುಬನ್ನು ಒರೆಗೆ ಹಚ್ಚುವ ಸಾಧನ ಎಂಬುದು ನಮ್ಮ ಅಭಿಪ್ರಾಯ. ಗಣಕವಿದ್ಯೆಯನ್ನು ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಮಣೆಯಾಟವೆಂಬ ಹೆಸರನ್ನು ನಾವಿಲ್ಲಿ ಮೇಜಿನ ಮೇಲೋ ಚಾಪೆಯ ಮೇಲೋ ಕಾಯಿ, ದಾಳ, ಕಾರ್ಡುಗಳಿಂದ ಆಡುವ ಆಟಗಳೆಲ್ಲಕ್ಕೂ ಬಳಸುತ್ತಿದ್ದೇವೆ.

ಕ್ರಮವಿಧಿಯೆಂದರೇನು? ಇಂಥ ಸ್ಥಿತಿಯಲ್ಲಿ ಇಂಥದನ್ನು ಮಾಡು ಎಂಬ ಆಜ್ಞೆಗಳ ಸರಣಿ. ಆಟದ ನಿಯಮಾವಳಿಯೂ ಅದೇ. ಒಂದನ್ನು ಯಂತ್ರ ನಡೆಸುತ್ತದೆ. ಇನ್ನೊಂದನ್ನು ಮನುಷ್ಯರು ನಡೆಸುತ್ತಾರೆ. ಈ ನಂಟು ಗಣಕದ ಚರಿತ್ರೆಯ ಮೊದಲ ಪುಟಗಳಲ್ಲಿಯೇ ಕಾಣುತ್ತದೆ. ಆಜ್ಞೆಗಳನ್ನೂ ಅಂಕಿಗಳನ್ನೂ ಒಂದೇ ಸ್ಮೃತಿಕೋಶದಲ್ಲಿ ಇಡುವ ಗಣಕದ ವಿನ್ಯಾಸವನ್ನು 1945ರ ವರದಿಯಲ್ಲಿ ವಿವರಿಸಿದ ಜಾನ್ ಫಾನ್ ನಾಯ್ಮನ್ನನೇ, ಇಬ್ಬರ ಆಟಗಳ ಗಣಿತವನ್ನು ಕುರಿತ ಪ್ರಸಿದ್ಧ ಪ್ರಮೇಯವನ್ನು 1928ರಲ್ಲಿ ಸಾಧಿಸಿದವನು. ಎರಡೂ ಒಂದೇ ಬುದ್ಧಿಯ ಬೆಳೆಗಳು.

ಇದಕ್ಕೆ ಇತ್ತೀಚಿನ ಒಂದು ನಿದರ್ಶನವನ್ನು ಅಮೆರಿಕದಿಂದ ಕೊಡಬಹುದು. ಆಂಡ್ರೂ ಲೂನಿ ಎಂಬಾತನು ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಹಬಲ್ ದೂರದರ್ಶಕಕ್ಕಾಗಿ ಕ್ರಮವಿಧಿಗಳನ್ನು ಬರೆದವನು. ಅವನ ಪತ್ನಿ ಕ್ರಿಸ್ಟಿನ್ ಅಲ್ಲಿಯೇ ಗಣಕದ ಎಂಜಿನಿಯರಾಗಿದ್ದಳು. ಇವರಿಬ್ಬರೂ 1996ರಲ್ಲಿ ಸಣ್ಣದೊಂದು ಆಟಗಳ ಸಂಸ್ಥೆಯನ್ನು ತೆರೆದರು. 1997ರಲ್ಲಿ ಬಂದ ಅವರ 'ಫ್ಲಕ್ಸ್' ಎಂಬ ಕಾರ್ಡಿನಾಟದ ಆರಂಭದ ನಿಯಮ ಒಂದೇ: ಒಂದು ಕಾರ್ಡನ್ನು ಎತ್ತಿಕೊಳ್ಳಿ, ಒಂದನ್ನು ಆಡಿ. ಆದರೆ ಆಡಿದ ಕಾರ್ಡೇ ಹೊಸ ನಿಯಮವಾಗಬಹುದು. ಎಷ್ಟು ಎತ್ತಬೇಕು, ಎಷ್ಟು ಆಡಬೇಕು, ಗೆಲವೆಂದರೇನು ಎಂಬುದೆಲ್ಲ ಆಟದ ನಡುವೆಯೇ ಬದಲಾಗುತ್ತ ಹೋಗುತ್ತದೆ. ವಸ್ತುವೂ ಆಜ್ಞೆಯೂ ಒಂದೇ ಕಟ್ಟಿನೊಳಗಿವೆ. ಆಜ್ಞೆಗಳು ಆಜ್ಞೆಗಳನ್ನೇ ತಿದ್ದುತ್ತವೆ. ಗಣಕದ ಒಳಗನ್ನು ಬಲ್ಲವನಿಗೆ ಇದು ಚಿರಪರಿಚಿತ ತತ್ತ್ವ. ಅದನ್ನು ಗಣಕವನ್ನೇ ಕಾಣದ ಮನೆಮಂದಿ ನಗುತ್ತ ನಡೆಸುತ್ತಾರೆ.

ಇನ್ನೊಂದು ನಿದರ್ಶನ ಮ್ಯಾಟ್ ಲೀಕಾಕ್ ರಚಿಸಿದ 'ಪ್ಯಾಂಡೆಮಿಕ್'. ಲೀಕಾಕ್ ತಂತ್ರಾಂಶ ಸಂಸ್ಥೆಗಳಲ್ಲಿ, ಬಳಸುವವರಿಗೆ ಅನುಕೂಲವಾಗುವಂತೆ ತಂತ್ರಾಂಶದ ರೂಪುರೇಷೆ ನಿರ್ಮಿಸುವ ಕೆಲಸದಲ್ಲಿದ್ದವನು. ಈ ಆಟ ಹೊರಬಂದುದು 2008ರಲ್ಲಿ. ಅವನು ಉದ್ಯೋಗವನ್ನು ಬಿಟ್ಟು ಆಟಗಳ ರಚನೆಯನ್ನೇ ವೃತ್ತಿಯಾಗಿ ಹಿಡಿದುದು 2014ರಲ್ಲಿ. ಈ ಆಟದಲ್ಲಿ ಆಟಗಾರರೆಲ್ಲರೂ ಒಂದೇ ಪಕ್ಷ; ಎದುರಾಳಿ ಸಾಂಕ್ರಾಮಿಕ ರೋಗ. ಲೋಕದ 48 ನಗರಗಳಿಗೆ 48 ಕಾರ್ಡುಗಳಿವೆ. ಎತ್ತಿದ ಕಾರ್ಡಿನ ನಗರದಲ್ಲಿ ರೋಗದ ಗುರುತಿನ ಒಂದು ಘನವನ್ನಿಟ್ಟು ಆ ಕಾರ್ಡನ್ನು ಪಕ್ಕಕ್ಕೆ ಹಾಕುತ್ತಾರೆ. ರೋಗ ಉಲ್ಬಣಿಸಿದಾಗ ಹೀಗೆ ಪಕ್ಕಕ್ಕೆ ಹಾಕಿದ ಕಾರ್ಡುಗಳನ್ನು ಮಾತ್ರ ಕಲಸಿ, ಅವುಗಳನ್ನು ಕಟ್ಟಿನ ಮೇಲ್ಭಾಗದಲ್ಲಿಯೇ ಇಡಬೇಕು. ಪರಿಣಾಮವೇನು? ಒಮ್ಮೆ ರೋಗ ತಗುಲಿದ ನಗರಗಳಿಗೇ ಅದು ಮತ್ತೆ ಮತ್ತೆ ತಗಲುತ್ತದೆ. ಸೋಂಕು ಬೇರೂರಿದೆಡೆ ಉಲ್ಬಣಿಸುವ ಬಗೆಯನ್ನು ಒಂದು ಸಮೀಕರಣವೂ ಇಲ್ಲದೆ, ಕಾರ್ಡುಗಳನ್ನು ಕಲಸುವ ಒಂದೇ ನಿಯಮದಿಂದ ತೋರಿಸಿದುದು ಈ ರಚನೆಯ ಹಿರಿಮೆ. ಅತ್ಯಲ್ಪ ಆಜ್ಞೆಗಳಿಂದ ಅತ್ಯಧಿಕ ಪರಿಣಾಮ ಪಡೆಯುವುದೇ ಒಳ್ಳೆಯ ಕ್ರಮವಿಧಿಯ ಲಕ್ಷಣವೂ ಅಲ್ಲವೆ?

ಗಣಕವು ಆಟಕ್ಕೆ ಏನನ್ನು ಕೊಡಬಲ್ಲದೆಂಬುದನ್ನೂ ನೋಡೋಣ. ನಮ್ಮ ಮನೆಗಳ ಚೌಕಾಬಾರವನ್ನೇ ತೆಗೆದುಕೊಳ್ಳಿ. ನಾಲ್ಕು ಕವಡೆಗಳು. ಪ್ರತಿಯೊಂದೂ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮಸಂಭವವೆಂದು ಸದ್ಯಕ್ಕೆ ಭಾವಿಸೋಣ. ಆಗ ಒಟ್ಟು ಸಾಧ್ಯತೆಗಳು 16. ಇವುಗಳಲ್ಲಿ ಒಂದು ಬೀಳುವುದು 4 ಬಗೆ, ಎರಡು 6 ಬಗೆ, ಮೂರು 4 ಬಗೆ. ನಾಲ್ಕೂ ಅಂಗಾತವಾದ ಚೌಕ ಒಂದು ಬಗೆ. ನಾಲ್ಕೂ ಬೋರಲಾದ, ಎಂಟು ಮನೆ ನಡೆಸುವ ಬಾರ ಒಂದು ಬಗೆ. ಎಲ್ಲವನ್ನೂ ಕೂಡಿ ಭಾಗಿಸಿದರೆ ಸರಾಸರಿ ಒಂದು ಎಸೆತಕ್ಕೆ ಎರಡೂವರೆ ಮನೆ. ಐದೈದು ಮನೆಗಳ ಮಣೆಯಲ್ಲಿ ಹೊರಸುತ್ತು 16 ಮನೆ, ಒಳಸುತ್ತು 8 ಮನೆ. ಎಂದರೆ ಕಾಯಿ ನಡುಮನೆಯನ್ನು ಸೇರಲು 24 ಹೆಜ್ಜೆ, ಸುಮಾರು ಹತ್ತು ಎಸೆತ. ಬಾರಕ್ಕೆ ಎಂಟರ ಬದಲು ಹದಿನಾರು ಎಂದು ನಿಯಮ ಮಾಡಿದರೆ? ಸರಾಸರಿ ಮೂರಕ್ಕೇರುತ್ತದೆ, ಆಟ ಬೇಗ ಮುಗಿಯುತ್ತದೆ, ಆದರೆ ಒಂದು ಅದೃಷ್ಟದ ಎಸೆತ ಹಲವು ಎಸೆತಗಳ ಜಾಣ್ಮೆಯನ್ನು ನುಂಗಿಬಿಡುತ್ತದೆ.

ಕಾಯಿ ಹೊಡೆಯುವುದು, ಚೌಕ ಬಾರಗಳಿಗೆ ಮತ್ತೊಂದು ಎಸೆತ ಪಡೆಯುವುದು, ಇವೆಲ್ಲ ಸೇರಿದರೆ ಕೈಲೆಕ್ಕ ಸಾಲದು. ಅಲ್ಲಿ ಗಣಕ ನೆರವಿಗೆ ಬರುತ್ತದೆ. ಪುಟ್ಟದೊಂದು ಕ್ರಮವಿಧಿಯನ್ನು ಬರೆದು ಸಾವಿರ ಆಟಗಳನ್ನು ಆಡಿಸಿದರೆ, ಮೊದಲು ಆಡಿದವನಿಗೆ ಅನ್ಯಾಯವಾದ ಮೇಲುಗೈಯಿದೆಯೆ, ಆಟ ಕೊನೆಗಾಣದೆ ಎಳೆಯುತ್ತದೆಯೆ ಎಂಬುದು ಕೂಡಲೆ ತಿಳಿಯುತ್ತದೆ. ಕವಡೆ ನಿಜವಾಗಿ ಸಮವಾಗಿ ಬೀಳುತ್ತದೆಯೆ ಎಂಬುದನ್ನಂತೂ ಯಂತ್ರ ಹೇಳಲಾರದು. ಅದಕ್ಕೆ ಕವಡೆಯನ್ನೇ ನೂರಾರು ಸಲ ಎಸೆದು ಬರೆದಿಡಬೇಕು.

ಹಾಗಾದರೆ ಆಟವನ್ನು ಯಂತ್ರವೇ ರಚಿಸಬಾರದೇಕೆ? ಆ ಪ್ರಯೋಗವೂ ನಡೆದಿದೆ. ಆಸ್ಟ್ರೇಲಿಯದ ಕ್ಯಾಮರನ್ ಬ್ರೌನ್ ಎಂಬ ಸಂಶೋಧಕನು 'ಲೂಡಿ' ಎಂಬ ಕ್ರಮವಿಧಿಯನ್ನು ಬರೆದನು. ಅದು ನಿಯಮಗಳನ್ನು ಬೆರಸಿ ಬೆರಸಿ ಸಾವಿರಕ್ಕೂ ಮಿಕ್ಕು ಆಟಗಳನ್ನು ಹುಟ್ಟಿಸಿತು. ಆಡಲು ಯೋಗ್ಯವೆನಿಸಿದುವು ಇಪ್ಪತ್ತಕ್ಕೂ ಕಡಿಮೆ. ಅವುಗಳಲ್ಲಿ ಉತ್ತಮವಾದ 'ಯವಲತ್' 2007ರದು. ಆರು ಮೂಲೆಯ ಮನೆಗಳುಳ್ಳ ಮಣೆಯಲ್ಲಿ ನಾಲ್ಕು ಕಾಯಿಗಳನ್ನು ಸಾಲಾಗಿ ಇಟ್ಟವನು ಗೆದ್ದ; ಅದಕ್ಕೆ ಮೊದಲೇ ಮೂರನ್ನು ಸಾಲಾಗಿ ಇಟ್ಟವನು ಸೋತ. ಎರಡೇ ವಾಕ್ಯಗಳ ಈ ನಿಯಮ ನಿಜವಾಗಿಯೂ ಸೊಗಸಾಗಿದೆ. ಆದರೆ ಯಾವ ಆಟ ಒಳ್ಳೆಯದೆಂದು ಅಳೆಯಲು ಯಂತ್ರಕ್ಕೆ ಅಳತೆಗೋಲನ್ನು ಕೊಟ್ಟವನು ಮನುಷ್ಯ. ಕೊನೆಗೆ ಆಡಿ ಮೆಚ್ಚಿದವರೂ ಮನುಷ್ಯರೇ. ಆಟ ನ್ಯಾಯವಾಗಿದೆಯೆ ಎಂಬುದಕ್ಕೆ ಗಣಕ ಸಾಕ್ಷಿ ಹೇಳೀತು. ಸೋತವನು ಇನ್ನೊಮ್ಮೆ ಆಡೋಣವೆಂದು ಕೇಳುತ್ತಾನೆಯೆ ಎಂಬುದನ್ನು ತಿಳಿಯಲು ಅವನ ಎದುರಿನಲ್ಲಿಯೇ ಕುಳಿತಿರಬೇಕು.

ಈ ಎದುರು ಕುಳಿತಿರುವ ಅಭ್ಯಾಸವೇ ಸಣ್ಣ ತಂತ್ರಾಂಶ ಸಂಸ್ಥೆಗೆ ಅತ್ಯಗತ್ಯವಾದುದು. ಕ್ರಮವಿಧಿ ಬರೆದವನು ತಪ್ಪನ್ನು ಬಳಸುವವನ ಮೇಲೆ ಹೊರಿಸುವುದುಂಟು: ಅವನು ಕೈಪಿಡಿಯನ್ನು ಓದಲಿಲ್ಲ, ತಪ್ಪು ಗುಂಡಿ ಒತ್ತಿದ, ಇತ್ಯಾದಿ. ಮಣೆಯಾಟದಲ್ಲಿ ಈ ನೆಪ ನಡೆಯದು. ನಿಯಮಪತ್ರವನ್ನು ಹೊಸಬರ ಕೈಗಿತ್ತು ಬಾಯಿ ಮುಚ್ಚಿ ಕುಳಿತರೆ ಹತ್ತು ನಿಮಿಷದೊಳಗೆ ಅಸ್ಪಷ್ಟವಾದ ವಾಕ್ಯಗಳೆಲ್ಲ ಬಯಲಿಗೆ ಬರುತ್ತವೆ. ಅಲ್ಲದೆ, ತಂತ್ರಾಂಶದ ದೋಷವನ್ನು ಮಾರಿದ ಮೇಲೂ ತಿದ್ದಿ ಕಳುಹಿಸಬಹುದು. ಅಚ್ಚಾಗಿ ಸಾವಿರ ಮನೆಗಳನ್ನು ಸೇರಿದ ನಿಯಮಪತ್ರವನ್ನು ತಿದ್ದುವುದು ಹೇಗೆ? ಆಮೇಲೆ ತಿದ್ದಿದರಾಯಿತು ಎಂಬ ಸೋಮಾರಿತನಕ್ಕೆ ಇದಕ್ಕಿಂತ ಒಳ್ಳೆಯ ಮದ್ದನ್ನು ನಾವು ಕಾಣೆವು.

ಹೀಗೆಂದ ಮಾತ್ರಕ್ಕೆ ಉದ್ಯಮವನ್ನು ಕಡೆಗಣಿಸಿ ಆಟದ ಬೆನ್ನು ಹತ್ತಬೇಕೆಂದು ನಾವು ಹೇಳುತ್ತಿಲ್ಲ. ತಂತ್ರಾಂಶದ ಮತ್ತೊಂದು ಪ್ರತಿಗೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಆಟದ ಪ್ರತಿಯೊಂದು ಪೆಟ್ಟಿಗೆಗೂ ರಟ್ಟು, ಮುದ್ರಣ, ಸಾಗಣೆ, ದಾಸ್ತಾನುಗಳ ವೆಚ್ಚವುಂಟು. ಮಾರಾಟವಾಗದ ಪೆಟ್ಟಿಗೆಗಳು ಉಗ್ರಾಣದಲ್ಲಿ ಬಂಡವಾಳವನ್ನು ಕಟ್ಟಿಹಾಕುತ್ತವೆ. ಹೊಸ ಆಟಗಳು ವರ್ಷವರ್ಷವೂ ಹೇರಳವಾಗಿ ಬರುತ್ತವೆ. ರಚಿಸಿದವನಿಗೆ ಅನ್ನವಿಕ್ಕುವುವು ಕೆಲವೇ. 'ಕಟಾನ್' ಆಟದಿಂದ 1995ರಲ್ಲಿ ಹೆಸರಾದ ಜರ್ಮನಿಯ ಕ್ಲೌಸ್ ಟೊಯ್ಬರ್ ಕೂಡ ಆ ಬಳಿಕ ಕೆಲವು ವರ್ಷ ಕೃತಕದಂತ ತಯಾರಿಸುವ ತನ್ನ ಕಸುಬನ್ನು ಬಿಡಲಿಲ್ಲ. ಗಿರಾಕಿ ಕೊಟ್ಟ ಮುಂಗಡವನ್ನು ಆಟದ ಮುದ್ರಣಕ್ಕೆ ಸುರಿಯುವವನು ಆಟವನ್ನೂ ಉದ್ಯಮವನ್ನೂ ನಂಬಿದ ನೌಕರರನ್ನೂ ಒಟ್ಟಿಗೆ ಕೆಡಿಸಿಯಾನು. ವಾರಕ್ಕೆ ಎರಡು ಸಂಜೆಯೆಂದು ಗೊತ್ತುಮಾಡಿಕೊಂಡು, ಆಟ ಪಕ್ವವಾಗುವ ತನಕ ಕಾಗದ ಪೆನ್ಸಿಲುಗಳ ಖರ್ಚಿನಲ್ಲಿಯೇ ನಿಲ್ಲುವುದು ವಿವೇಕ.

ಮಣೆಯಾಟ ಘನವಂತರ ಕೆಲಸವಲ್ಲವೆನ್ನುವವರು ಮುಮ್ಮಡಿ ಕೃಷ್ಣರಾಜ ಒಡೆಯರನ್ನು (1794–1868) ನೆನೆಯಬೇಕು. ಮೈಸೂರಿನ ಆ ಅರಸರು ಅನೇಕ ಆಟಗಳನ್ನು ಸ್ವತಃ ರೂಪಿಸಿದವರು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯೆಂಬ ಭಾಗ ಆಟಗಳಿಗೇ ಮೀಸಲು.

ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಇಷ್ಟೆ. ಗಣಕವಿಲ್ಲದಿದ್ದರೂ ಕ್ರಮವಿಧಿ ರಚನೆಯನ್ನು ಅಭ್ಯಾಸಮಾಡಬಹುದು. ನಿಮಗೆ ಗೊತ್ತಿರುವ ಯಾವುದಾದರೂ ಆಟದ ಒಂದೇ ಒಂದು ನಿಯಮವನ್ನು ಬದಲಿಸಿ. ಫಲವೇನಾದೀತೆಂದು ಮೊದಲು ಲೆಕ್ಕ ಹಾಕಿ ಬರೆದಿಡಿ. ಬಳಿಕ ಗೆಳೆಯರೊಡನೆ ಇಪ್ಪತ್ತು ಬಾರಿ ಆಡಿ ನೋಡಿ. ನಿಯಮಗಳನ್ನು ಒಂದು ಪುಟದಲ್ಲಿ ಬರೆದು, ಆಟವನ್ನರಿಯದ ತಮ್ಮನಿಗೋ ತಂಗಿಗೋ ಕೊಡಿ. ಅವರು ಎಲ್ಲಿ ತಡೆದು ನಿಲ್ಲುವರೋ ಅಲ್ಲಿ ಆ ವಾಕ್ಯವನ್ನು ತಿದ್ದಿ. ನಾಳೆ ನೀವು ಆಸ್ಪತ್ರೆಗೋ ಬ್ಯಾಂಕಿಗೋ ಕ್ರಮವಿಧಿ ಬರೆಯುವಾಗ, ಅದನ್ನು ಬಳಸುವ ಗುಮಾಸ್ತನೂ ದಾದಿಯೂ ಇಂದಿನ ಈ ಅಭ್ಯಾಸದ ಫಲವನ್ನು ಪಡೆಯುವರು.