ಮನೆಗೆ ಬರುವುದು 230 ವೋಲ್ಟ್, ಫ್ಯಾನ್ ಕಂಡೆನ್ಸರ್ ಮೇಲೆ 440 ಯಾಕೆ?

ಸೀಲಿಂಗ್ ಫ್ಯಾನ್ ನಿಧಾನವಾದರೆ ಎಲೆಕ್ಟ್ರಿಷಿಯನ್ ಮೊದಲು ನೋಡುವುದು ಕಂಡೆನ್ಸರನ್ನು. ಅದರ ಮೇಲೆ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್, 440 ವೋಲ್ಟ್ ಎಂದು ಬರೆದಿರುತ್ತದೆ. ಆದರೆ ಮನೆಗೆ ಬರುವ ಸಿಂಗಲ್ ಫೇಸ್ ಕರೆಂಟ್ 230 ವೋಲ್ಟ್ ಅಷ್ಟೇ. ಹಾಗಾದರೆ ಕಂಡೆನ್ಸರ್ ಕರೆಂಟನ್ನು ದುಪ್ಪಟ್ಟು ಮಾಡುತ್ತದೆಯೇ? ಬಿಲ್ ಏರುತ್ತದೆಯೇ?

ಇಲ್ಲ. 440 ಎಂಬುದು ಕಂಡೆನ್ಸರ್ ತಡೆದುಕೊಳ್ಳಬಲ್ಲ ಮಿತಿ. ಅಷ್ಟು ಮಿತಿ ಬೇಕಾಗಲು ಕಾರಣವೂ ಇದೆ: ಫ್ಯಾನ್ ತಿರುಗುವಾಗ ಕಂಡೆನ್ಸರ್‌ನ ಎರಡು ತುದಿಗಳ ನಡುವಿನ ವೋಲ್ಟೇಜ್ ನಿಜಕ್ಕೂ 230 ದಾಟುತ್ತದೆ.

ಹೇಗೆ ಏರುತ್ತದೆ?

ಫ್ಯಾನಿನ ಒಂದು ತಾಮ್ರದ ಸುರುಳಿ ಮತ್ತು ಕಂಡೆನ್ಸರ್ ಒಂದರ ಹಿಂದೆ ಒಂದು ಜೋಡಣೆಯಾಗಿರುತ್ತವೆ. ಇವೆರಡರ ವೋಲ್ಟೇಜ್ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿರುತ್ತದೆ. ಲೆಕ್ಕಕ್ಕೆ ಹೇಳುವುದಾದರೆ, ಕಂಡೆನ್ಸರ್ ಮೇಲೆ 330, ಸುರುಳಿಯ ಮೇಲೆ 100 ಇದ್ದರೂ ಒಟ್ಟು ಸಿಗುವುದು 230. ಇವು ಶಕ್ತಿಯನ್ನು ತಮ್ಮತಮ್ಮಲ್ಲೇ ಅತ್ತಿತ್ತ ಸಾಗಿಸುತ್ತಿರುತ್ತವೆ, ಹೊಸದಾಗಿ ಸೃಷ್ಟಿಸುವುದಿಲ್ಲ. ಜೋಕಾಲಿಯನ್ನು ಸರಿಯಾದ ಸಮಯಕ್ಕೆ ಮೆಲ್ಲಗೆ ತಳ್ಳುತ್ತಾ ಹೋದರೆ ಅದು ಎತ್ತರಕ್ಕೆ ಜೀಕುತ್ತದಲ್ಲ, ಹಾಗೆಯೇ ಇದು. ಇದಕ್ಕೆ ಅನುರಣನೆ, ಅಂದರೆ ರೆಸೊನೆನ್ಸ್ ಎನ್ನುತ್ತಾರೆ.

ಕಬ್ಬಿಣ ಸೇರಿದಾಗ

ಫ್ಯಾನಿನಲ್ಲಿ ಇದೆಲ್ಲ ಲೆಕ್ಕ ಹಾಕಿ ಮಾಡಿದ್ದು. ತೊಂದರೆ ಬರುವುದು ಲೆಕ್ಕಕ್ಕೆ ಸಿಗದ ಕಡೆ. ಟ್ರಾನ್ಸ್‌ಫಾರ್ಮರ್, ಅಂದರೆ ಟಿಸಿಯ ಒಳಗೆ ಕಬ್ಬಿಣದ ತಿರುಳಿದೆ. ಅದು ಒಂದು ಮಟ್ಟದವರೆಗೆ ಮಾತ್ರ ಕಾಂತಗುಣವನ್ನು ಹೀರಿಕೊಳ್ಳುತ್ತದೆ. ಅದು ತುಂಬಿಹೋದ ಮೇಲೆ ಸುರುಳಿಯ ಗುಣವೇ ಬದಲಾಗಿ, ವೋಲ್ಟೇಜ್ ಒಮ್ಮೆಲೇ ನೆಗೆಯಬಹುದು. 1920ರಲ್ಲಿ ಫ್ರೆಂಚ್ ಎಂಜಿನಿಯರ್ ಪಾಲ್ ಬೂಶೆರೊ ಇದನ್ನು ಫೆರೋರೆಸೊನೆನ್ಸ್ ಎಂದು ಕರೆದರು.

ಇದಕ್ಕೆ ಅನುಕೂಲವಾದ ಸಂದರ್ಭ ಒಂದಿದೆ. ನೆಲದಡಿಯ ಉದ್ದದ ಕೇಬಲ್ ತಾನೇ ದೊಡ್ಡ ಕಂಡೆನ್ಸರ್‌ನಂತೆ ವರ್ತಿಸುತ್ತದೆ. ಟಿಸಿ ಮೇಲೆ ಲೋಡ್ ಇಲ್ಲದಿರುವಾಗ ಮೂರರಲ್ಲಿ ಒಂದು ಫೇಸ್‌ನ ಫ್ಯೂಸ್ ಹೋದರೆ, ಕೇಬಲ್ ಮತ್ತು ಸುರುಳಿ ಜೊತೆಯಾಗುತ್ತವೆ. ಆಗ ಕಡಿದ ಫೇಸ್‌ನಲ್ಲಿ ಕರೆಂಟ್ ಇಲ್ಲದಿರುವ ಬದಲು ಮಾಮೂಲಿಗಿಂತ ಹೆಚ್ಚು ವೋಲ್ಟೇಜ್ ಕಾಣಿಸಬಹುದು. ಟಿಸಿ ಜೋರಾಗಿ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ. "ಫ್ಯೂಸ್ ಹೋಗಿದೆ, ಲೈನ್ ಸತ್ತಿದೆ" ಎಂಬ ಮಾತನ್ನು ನಂಬಬಾರದು ಎನ್ನಲು ಇದೂ ಒಂದು ಕಾರಣ. ಪರೀಕ್ಷಿಸಿ, ಅರ್ಥಿಂಗ್ ಮಾಡಿದ ನಂತರವೇ ಲೈನ್‌ಮನ್ ಕೈ ಹಾಕಬೇಕು. ನಾವಂತೂ ಹತ್ತಿರ ಹೋಗಲೇಬಾರದು.

ಇದೇ ವಿದ್ಯಮಾನವನ್ನು ಪಳಗಿಸಿದರೆ ಉಪಯೋಗಕ್ಕೂ ಬರುತ್ತದೆ. ಹಳೆಯ ಕಂಪ್ಯೂಟರ್ ಕೋಣೆಗಳಲ್ಲಿದ್ದ ಭಾರದ ಸಿವಿಟಿಗಳು ವೋಲ್ಟೇಜನ್ನು ಸಮವಾಗಿ ಇಡುತ್ತಿದ್ದುದು ಇದರಿಂದಲೇ.

ಬೀದಿಯ ಟಿವಿಗಳು ಸುಟ್ಟರೆ?

ಆಗ ಫೆರೋರೆಸೊನೆನ್ಸ್‌ಗಿಂತ ಮೊದಲು ಅನುಮಾನಿಸಬೇಕಾದದ್ದು ನ್ಯೂಟ್ರಲ್ ತಂತಿಯನ್ನು. ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಕಡಿದರೆ ಬೇರೆ ಬೇರೆ ಫೇಸ್‌ಗಳ ಮನೆಗಳು ಆ 400ನ್ನು ಹಂಚಿಕೊಳ್ಳುತ್ತವೆ. ಕಡಿಮೆ ಲೋಡ್ ಇರುವ ಮನೆಗೆ ಹೆಚ್ಚಿನ ಪಾಲು ಬರುತ್ತದೆ. ಒಂದು ಮನೆಯಲ್ಲಿ ದೀಪ ಮಂಕು, ಪಕ್ಕದ ಮನೆಯಲ್ಲಿ ಕಣ್ಣು ಕುಕ್ಕುವಷ್ಟು ಪ್ರಖರ.

ಏನು ಮಾಡಬೇಕು?

ದೀಪ ಹೀಗೆ ವಿಪರೀತವಾಗಿ ಬೆಳಗಿದರೆ ಅಥವಾ ಮಂಕಾದರೆ ತಕ್ಷಣ ಮೇನ್ ಸ್ವಿಚ್ ಆರಿಸಿ. ಕರ್ನಾಟಕದಲ್ಲಿ 1912ಕ್ಕೆ ಕರೆ ಮಾಡಿ ದೂರು ಕೊಡಿ. ಮಾಮೂಲಿ ಎಂಸಿಬಿ ಕರೆಂಟ್ ಅತಿಯಾದರೆ ಬೀಳುತ್ತದೆ, ಆರ್‌ಸಿಸಿಬಿ ಸೋರಿಕೆಗೆ ಬೀಳುತ್ತದೆ. ವೋಲ್ಟೇಜ್ ಏರಿದರೆ ಎರಡೂ ಸುಮ್ಮನಿರಬಹುದು. ಅದಕ್ಕೆ ಹೈ ವೋಲ್ಟೇಜ್ ಕಟ್‌ಆಫ್ ಇರುವ ಸ್ಟೆಬಿಲೈಸರ್ ಅಥವಾ ಓವರ್‌ವೋಲ್ಟೇಜ್ ಪ್ರೊಟೆಕ್ಟರ್ ಬೇಕು.

ಇನ್ನು ಫ್ಯಾನಿಗೆ ಹೊಸ ಕಂಡೆನ್ಸರ್ ಹಾಕಿಸುವಾಗ 440 ನೋಡಿ ಹೆದರಿ 250 ವೋಲ್ಟ್‌ನದ್ದು ಕೇಳಬೇಡಿ. ಅದು ಬೇಗ ಕೆಡುತ್ತದೆ. ಹಳೆಯದರ ಮೇಲೆ ಬರೆದಿರುವ ಅಳತೆಯದ್ದನ್ನೇ ಹಾಕಿಸಿ.